ಮನೆಯಲ್ಲೇ ಬಣ್ಣ ಹೊಡೆದ ಕಾರಿನ ಫೆಂಡರ್ ಕೆಟ್ಟಿದ್ದು ಯಾಕೆ? ಮಲೆನಾಡಿನವರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಎರಡು ದಿನ ಕೂತು ಉಜ್ಜಿ, ಒರೆಸಿ, ಟೇಪ್ ಹಚ್ಚಿ, ಆಸೆಯಿಂದ ಸ್ಪ್ರೇ ಹೊಡೆದ ಮೇಲೆ ಹತ್ತೇ ನಿಮಿಷದಲ್ಲಿ ಅದರ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಮಂಜು ಕೂತರೆ ಎಷ್ಟು ಬೇಜಾರಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಮಘೆ ಮಳೆಯಲ್ಲಿ, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ, ನಮ್ಮ ಹಳೇ ಆಲ್ಟೊ ಕಾರಿನ ಎಡಗಡೆ ಮುಂದಿನ ಫೆಂಡರ್ (ಚಕ್ರದ ಮೇಲಿನ ತಗಡು) ರಸ್ತೆ ಪಕ್ಕದ ಧರೆಗೆ ಉಜ್ಜಿ ಹರಿದುಹೋಯಿತು. ಶಿವಮೊಗ್ಗದಿಂದ ಹೊಸ ಫೆಂಡರ್ ತಂದೆ. ಬೋಲ್ಟ್ ಬಿಚ್ಚಿ ಕೂರಿಸುವುದು ಕಷ್ಟವಲ್ಲ, ಒಂದು ಮಧ್ಯಾಹ್ನದ ಕೆಲಸ. ಬಣ್ಣವನ್ನೂ ನಾನೇ ಹೊಡೆಯೋಣ ಅಂತ ಹೊರಟೆ. ಮೂರು ಸಲ ಹೊಡೆದೆ, ಮೂರು ಸಲವೂ ಬೇರೆ ಬೇರೆ ರೀತಿ ಕೆಟ್ಟಿತು. ನಾಲ್ಕನೇ ಸಲ ಸರಿಬಂತು. ಆ ಮೂರು ಸಲದಲ್ಲಿ ಕಲಿತದ್ದನ್ನೂ, ಆಮೇಲೆ ಪೇಂಟ್ ಕೆಲಸದವರ ಹತ್ತಿರ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕೆಟ್ಟದ್ದು ಕಂಡ ತಕ್ಷಣ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಹಿಡಿದು ಉಜ್ಜಲು ಹೋಗಬೇಡಿ. ಯಾವ ದೋಷ ಅಂತ ಗೊತ್ತಾಗುವ ಮೊದಲೇ ಉಜ್ಜಿದರೆ ಗುರುತೆಲ್ಲ ಅಳಿಸಿಹೋಗುತ್ತದೆ. ಮುಂದಿನ ಸಲವೂ ಅದೇ ತಪ್ಪು ಆಗುತ್ತದೆ.

ಮೊದಲ ಪ್ರಶ್ನೆ: ಯಾವಾಗ ಕಾಣಿಸಿತು?

ಹೇಗೆ ಕಾಣುತ್ತಿದೆ ಅನ್ನುವುದಕ್ಕಿಂತ ಯಾವಾಗ ಕಾಣಿಸಿತು ಅನ್ನುವುದು ಮುಖ್ಯ. ಹೊಡೆಯುತ್ತಿರುವಾಗಲೇ ಕುಳಿ ಬಿದ್ದರೆ ಕೆಳಗೆ ಎಣ್ಣೆ ಇದೆ. ಹೊಡೆದು ಹತ್ತು ನಿಮಿಷಕ್ಕೆ ಬೆಳ್ಳಗಾದರೆ ಗಾಳಿಯಲ್ಲಿ ತೇವ ಜಾಸ್ತಿ. ಎರಡನೇ ಕೋಟ್ ಬಿದ್ದ ಮೇಲೆ ಸುಕ್ಕಾದರೆ ಕೆಳಗಿನ ಬಣ್ಣಕ್ಕೂ ಮೇಲಿನ ಬಣ್ಣಕ್ಕೂ ಹೊಂದಾಣಿಕೆ ಇಲ್ಲ. ಮಾರನೇ ದಿನ ಸೂಜಿ ಚುಚ್ಚಿದ ಹಾಗೆ ತೂತು ಕಂಡರೆ ಒಂದೇ ಸಲಕ್ಕೆ ದಪ್ಪ ಹೊಡೆದಿದ್ದೀರಿ. ಒಂದು ಮಳೆಗಾಲ ಕಳೆದ ಮೇಲೆ ಬೊಬ್ಬೆ ಎದ್ದರೆ ಹೆಚ್ಚಾಗಿ ಎಲ್ಲೋ ಒಳಗೆ ನೀರು ಉಳಿದಿತ್ತು ಅಂತ ಅರ್ಥ.

ನಮ್ಮ ಕಡೆ ಹೆಚ್ಚಿನ ದೋಷಗಳ ಬುಡ ಹಿಡಿದು ಹೋದರೆ ಸಿಗುವುದು ನೀರೇ. ಗಾಳಿಯಲ್ಲಿ ನೀರು, ಪಟ್ಟಿಯೊಳಗೆ (ತಗ್ಗು ತುಂಬಲು ಮೆತ್ತುವ ಪುಟ್ಟಿ) ನೀರು, ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು, ತಣ್ಣಗಿನ ತಗಡಿನ ಮೇಲೆ ಕಣ್ಣಿಗೆ ಕಾಣದ ನೀರು. ಸ್ಪ್ರೇ ಡಬ್ಬಿಯ ಮೇಲೆ ಬರೆದಿರುವ ಸೂಚನೆ ಒಣ ಹವೆಗೆ ಅಂತ ಬರೆದದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಹವೆಯಲ್ಲಿ ಡಬ್ಬಿ ಹೇಳಿದ ಹಾಗೇ ಮಾಡಿದರೂ ಕೆಡಬಹುದು, ಅದು ನಿಮ್ಮ ಕೈಯ ತಪ್ಪಲ್ಲ.

ಹತ್ತು ನಿಮಿಷದಲ್ಲಿ ಬಿಳಿ ಮಂಜು

ನನ್ನ ಮೊದಲ ಸೋಲು ಇದೇ. ಮಳೆ ಹೊಳವಾಗಿತ್ತು, ಅಂಗಳಕ್ಕೆ ಸಣ್ಣಗೆ ಬಿಸಿಲು ಬಿದ್ದಿತ್ತು. ಇಷ್ಟು ಸಾಕು ಅಂತ ಬೆಳಿಗ್ಗೆ ಒಂಬತ್ತಕ್ಕೇ ಶುರು ಮಾಡಿದೆ. ಸಿಲ್ವರ್ ಬಣ್ಣ ಚೆನ್ನಾಗಿಯೇ ಕೂತಿತು. ಕ್ಲಿಯರ್ ಲ್ಯಾಕರ್ (ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಪಾರದರ್ಶಕ ಪದರ) ಹೊಡೆದ ಮೇಲೆ ನೋಡನೋಡುತ್ತ ಬೆಳ್ಳಗಾಗಿಬಿಟ್ಟಿತು. ಫೋಟೋ ತೆಗೆದು ಪರಿಚಯದ ಪೇಂಟರ್ ಒಬ್ಬರಿಗೆ ತೋರಿಸಿದೆ. "ಬಣ್ಣಕ್ಕೆ ನೀರು ಕುಡಿಸಿದ್ದೀರಲ್ಲ ಮಾರಾಯ್ರೆ" ಅಂದರು. ನಾನು ನೀರು ಮುಟ್ಟಿಸಿಯೇ ಇಲ್ಲ ಅಂದೆ. "ನೀವಲ್ಲ, ಗಾಳಿ ಕುಡಿಸಿದ್ದು" ಅಂದರು.

ಆಗುವುದು ಹೀಗೆ. ಥಿನ್ನರ್ ಆರುವಾಗ ಬಣ್ಣದ ಮೈಯಿಂದ ಶಾಖ ಎಳೆದುಕೊಂಡು ಹೋಗುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ಲ, ಹಾಗೇ. ಗಾಳಿ 24 ಡಿಗ್ರಿ, ತೇವಾಂಶ ಶೇಕಡಾ 90 ಇದ್ದರೆ ತಗಡು 22 ಡಿಗ್ರಿಗೆ ಇಳಿದರೂ ಸಾಕು, ಇಬ್ಬನಿ ಕಟ್ಟುತ್ತದೆ. ಅಂದರೆ ನಿಮ್ಮ ಕೈಯಲ್ಲಿ ಇರುವುದು ಎರಡೇ ಡಿಗ್ರಿ. ಥಿನ್ನರ್ ಅದಕ್ಕಿಂತ ಜಾಸ್ತಿಯೇ ತಣ್ಣಗೆ ಮಾಡುತ್ತದೆ. ಅದೇ 30 ಡಿಗ್ರಿ ಬಿಸಿಲಿನ ದಿನ, ತೇವಾಂಶ 50 ಇದ್ದರೆ ಇಬ್ಬನಿ ಕಟ್ಟಲು ತಗಡು ಸುಮಾರು 18 ಡಿಗ್ರಿಗೆ ಇಳಿಯಬೇಕು. ಹನ್ನೆರಡು ಡಿಗ್ರಿಯಷ್ಟು ಅಂತರ ಸಿಕ್ಕಿತು. ಇದಕ್ಕೇ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಧ್ಯಾಹ್ನ ನಮ್ಮಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ, ಆಷಾಢ ಶ್ರಾವಣದಲ್ಲಿ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ರಾತ್ರಿಯೆಲ್ಲ ಶೆಡ್ಡಿನಲ್ಲಿದ್ದ ತಗಡು ಬೆಳಿಗ್ಗೆ ಗಾಳಿಗಿಂತ ತಣ್ಣಗಿರುತ್ತದೆ. ಒಂಬತ್ತು ಗಂಟೆಗೆ ಅದು ಬೆವರುತ್ತಿರುತ್ತದೆ, ನಮಗೆ ಕಾಣುವುದಿಲ್ಲ. ಒಂದು ಒದ್ದೆ ಬಟ್ಟೆಯಿಂದ ತಗಡಿನ ಮೇಲೆ ತೆಳುವಾಗಿ ಒಂದು ಗೆರೆ ಎಳೆಯಿರಿ. ಕಾಲು ಗಂಟೆಯೊಳಗೆ ಪೂರ್ತಿ ಆರಿದರೆ ಹೊಡೆಯಬಹುದು. ಆರದಿದ್ದರೆ ಕಾಯಬೇಕು. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ತಗೊಳ್ಳಿ. 70ರ ಒಳಗಿದ್ದರೆ ಧೈರ್ಯವಾಗಿ ಹೊಡೆಯಿರಿ. 80 ದಾಟಿದರೆ ಆ ದಿನ ಉಜ್ಜುವ ಕೆಲಸ ಇಟ್ಟುಕೊಳ್ಳಿ.

ಈಗಾಗಲೇ ಮಂಜು ಕೂತಿದ್ದರೆ? ಗಾಬರಿ ಬೇಡ. ಸ್ವಲ್ಪವೇ ಆಗಿದ್ದರೆ ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ದಿನ ಇಡಿ, ಕೆಲವು ಸಲ ತಾನಾಗಿಯೇ ಹೋಗುತ್ತದೆ. ಹೋಗದಿದ್ದರೆ ಒಣ ದಿನ ನೋಡಿ, ತಗಡನ್ನು ಬಿಸಿಲಿಗೆ ಇಟ್ಟು ಬೆಚ್ಚಗೆ ಮಾಡಿ, ನೆರಳಿಗೆ ತಂದು ಅದೇ ಕ್ಲಿಯರ್ ಲ್ಯಾಕರನ್ನು ತೆಳುವಾಗಿ, ಸ್ವಲ್ಪ ಒದ್ದೆಯಾಗುವಷ್ಟು ಹೊಡೆಯಿರಿ. ಡಬ್ಬಿಯ ಲ್ಯಾಕರ್ ಹಳೇ ಪದರವನ್ನು ಮತ್ತೆ ಕರಗಿಸುತ್ತದೆ, ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಬರಲು ದಾರಿಯಾಗುತ್ತದೆ. ಗನ್ನು, ಕಂಪ್ರೆಸರ್ ಇರುವವರು ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಸೇರಿಸಿ ಹೊಡೆದರೆ ಇನ್ನೂ ಒಳ್ಳೆಯದು. ಆದರೆ ಇದು ಹಾರ್ಡನರ್ (ಗಟ್ಟಿಯಾಗಲಿ ಅಂತ ಸೇರಿಸುವ ರಾಸಾಯನಿಕ) ಇಲ್ಲದ ಬಣ್ಣಕ್ಕೆ ಮಾತ್ರ. ಹಾರ್ಡನರ್ ಸೇರಿಸಿದ ಬಣ್ಣ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಉಜ್ಜಿಯೇ ತೆಗೆಯಬೇಕು.

ತಗಡು ಬೆಚ್ಚಗೆ ಮಾಡಬೇಕು ಅಂದೆ ಅಂತ ಬಚ್ಚಲ ಒಲೆಯ ಹತ್ತಿರ ಒಯ್ಯಬೇಡಿ, ದಯವಿಟ್ಟು. ಥಿನ್ನರ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೇ ಹರಿದು ಹೋಗಿ ಎಷ್ಟೋ ಅಡಿ ದೂರದ ಕೆಂಡಕ್ಕೂ ಹತ್ತಿಕೊಳ್ಳುತ್ತದೆ. ಅಡಿಕೆ ಬೇಯಿಸುವ ಕಾಲದಲ್ಲಿ ಅಂಗಳದಲ್ಲಿ ಒಲೆ ಉರಿಯುತ್ತಿದ್ದರೆ ಆ ದಿನ ಸ್ಪ್ರೇ ಕೆಲಸವೇ ಬೇಡ. ಬೆಂಕಿಯ ಭಯ ಒಂದು, ಹಂಡೆಯ ಹಬೆ ಇನ್ನೊಂದು. ಸ್ಪ್ರೇ ಡಬ್ಬಿ ತಣ್ಣಗಾಗಿ ಬಣ್ಣ ಉಗುಳುವ ಹಾಗೆ ಬರುತ್ತಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ. ಕುದಿಯುವ ನೀರಂತೂ ಬೇಡವೇ ಬೇಡ. 50 ಡಿಗ್ರಿ ದಾಟಿದರೆ ಡಬ್ಬಿ ಸಿಡಿಯಬಹುದು.

ಹೊಡೆಯುತ್ತಿರುವಾಗಲೇ ಕುಳಿ ಬಿದ್ದರೆ

ಬಣ್ಣ ಬಿದ್ದ ತಕ್ಷಣ ಅಲ್ಲಲ್ಲಿ ದುಂಡಗೆ ಸರಿದು ಮಧ್ಯೆ ಕೆಳಗಿನ ಪದರ ಕಾಣುತ್ತದೆ. ಕೆಸುವಿನೆಲೆ ಮೇಲೆ ನೀರು ನಿಲ್ಲದ ಹಾಗೆ. ಪೇಂಟರ್‌ಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ. ಕಾರಣ ಎಣ್ಣೆ, ಮೇಣ ಅಥವಾ ಸಿಲಿಕೋನ್. ಟೈರಿಗೆ, ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ಪಾಲಿಶ್‌ಗಳಲ್ಲಿ ಹೆಚ್ಚಾಗಿ ಸಿಲಿಕೋನ್ ಇರುತ್ತದೆ. ಅದೇ ಶೆಡ್ಡಿನಲ್ಲಿ ಅದನ್ನು ಹೊಡೆದಿದ್ದರೂ ಸಾಕು, ಬಂದು ಕೂರುತ್ತದೆ.

ನನ್ನ ಫೆಂಡರ್‌ನಲ್ಲಿ ಕುಳಿಗಳು ಒಂದೇ ಕಡೆ ಗುಂಪಾಗಿದ್ದವು, ಸರಿಯಾಗಿ ನಾನು ಕೈಯಿಟ್ಟು ಹಿಡಿದುಕೊಳ್ಳುತ್ತಿದ್ದ ಅಂಚಿನಲ್ಲಿ. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ. ಇಲ್ಲಿ ಗಮನಿಸಬೇಕಾದ್ದು ಅದೇ: ಕುಳಿಗಳು ಎಲ್ಲಿವೆ? ಒಂದೇ ಕಡೆ ಇದ್ದರೆ ಕೈಯೋ ಬಟ್ಟೆಯೋ ತಾಗಿದೆ. ಮೈಯೆಲ್ಲ ಹರಡಿದ್ದರೆ ತಗಡು ಒರೆಸಿದ್ದು ಸಾಲದು, ಅಥವಾ ಕಂಪ್ರೆಸರ್ ಎಣ್ಣೆ ಉಗುಳುತ್ತಿದೆ. ಕಂಪ್ರೆಸರ್ ಪರೀಕ್ಷೆ ಸುಲಭ. ಬಣ್ಣವಿಲ್ಲದೆ ಬರೀ ಗಾಳಿಯನ್ನು ಒಂದು ಬಿಳಿ ಕಾಗದಕ್ಕೆ ಒಂದು ನಿಮಿಷ ಹೊಡೆಯಿರಿ. ಎಣ್ಣೆ ಕಲೆಯೋ ನೀರಿನ ಹನಿಯೋ ಕಂಡರೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ, ನೀರು ಹಿಡಿಯುವ ಫಿಲ್ಟರ್ ಹಾಕಿ. ಮಳೆಗಾಲದಲ್ಲಿ ಅರ್ಧ ದಿನ ಓಡಿದ ಟ್ಯಾಂಕಿನಿಂದ ಬರುವ ನೀರು ನೋಡಿದರೆ ಆಶ್ಚರ್ಯವಾಗುತ್ತದೆ.

ಕುಳಿ ಬಿದ್ದ ಮೇಲೆ ಅದನ್ನು ಮುಚ್ಚಲು ಮತ್ತೆ ಮತ್ತೆ ಹೊಡೆಯುವುದು ಎಲ್ಲರೂ ಮಾಡುವ ತಪ್ಪು. ಮುಚ್ಚುವುದಿಲ್ಲ, ಸುತ್ತ ದಪ್ಪವಾಗುತ್ತದೆ ಅಷ್ಟೇ. ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಮೇಣ ಮತ್ತು ಗ್ರೀಸ್ ತೆಗೆಯುವ ದ್ರಾವಣದಿಂದ ಒರೆಸಿ. ಎರಡು ಬಟ್ಟೆ ಬೇಕು. ಒಂದರಿಂದ ಹಚ್ಚುವುದು, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತುವುದು. ಒಂದೇ ಬಟ್ಟೆಯಲ್ಲಿ ಉಜ್ಜುತ್ತಿದ್ದರೆ ಎಣ್ಣೆಯನ್ನು ಇಡೀ ಫೆಂಡರ್‌ಗೆ ಹಂಚಿದ ಹಾಗಾಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಬೇಡಿ, ಅದೇ ಜಿಡ್ಡು ಬಿಡುತ್ತದೆ. ಒರೆಸುವುದೆಲ್ಲ ಮುಗಿದ ಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳ ಒಳಗೆ ಇಳಿಯುತ್ತದೆ. ಉಜ್ಜಿದ ಮೇಲೆ ಇನ್ನೊಮ್ಮೆ ಒರೆಸಿ, ಕೊನೆಗೆ ಸ್ವಲ್ಪ ನೀರು ಹೊಯ್ದು ನೋಡಿ. ನೀರು ಹನಿಹನಿಯಾಗಿ ಒಡೆದು ನಿಂತರೆ ಇನ್ನೂ ಜಿಡ್ಡಿದೆ. ಒಂದೇ ಹಾಳೆಯಾಗಿ ಹರಡಿದರೆ ಶುದ್ಧ. ಆ ನೀರನ್ನು ಪೂರ್ತಿ ಒಣಗಿಸಿಯೇ ಮುಂದಿನ ಕೆಲಸ.

ಎರಡನೇ ಕೋಟಿಗೆ ಸುಕ್ಕು

ಇದು ನೋಡಲು ಬಹಳ ಕೆಟ್ಟದು, ಕುದಿಸಿದ ಹಾಲಿನ ಕೆನೆ ಮುದುಡಿದ ಹಾಗೆ. ಬಿಳಿ ಮಂಜು ತೆಗೆಯಲು ಉಜ್ಜುವಾಗ ನನ್ನ ಫೆಂಡರ್‌ನಲ್ಲಿ ಕೆಲವು ಕಡೆ ಬರೀ ತಗಡು ಕಂಡಿತ್ತು. ತುಕ್ಕು ಹಿಡಿಯದಿರಲಿ ಅಂತ, ಗೇಟಿಗೆ ಹಚ್ಚಿ ಉಳಿದಿದ್ದ ರೆಡ್ ಆಕ್ಸೈಡ್ ಬಳಿದೆ. ನಾಲ್ಕು ದಿನ ಆರಿಸಿದೆ, ಮುಟ್ಟಿದರೆ ಗಟ್ಟಿಯಾಗಿತ್ತು. ಮೇಲೆ ಸಿಲ್ವರ್ ಹೊಡೆದಾಗ ಮೊದಲ ಕೋಟ್ ಸುಮ್ನೆ ಇತ್ತು, ಎರಡನೇ ಕೋಟಿಗೆ ಇಡೀ ಜಾಗ ಎದ್ದು ಬಂತು.

ಗೇಟಿನ ರೆಡ್ ಆಕ್ಸೈಡ್ ಎಣ್ಣೆ ಜಾತಿಯ ಬಣ್ಣ. ಮೇಲೆ ಆರಿದರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅದರ ಮೇಲೆ ಜೋರಾದ ಥಿನ್ನರ್ ಇರುವ ಸ್ಪ್ರೇ ಬಿದ್ದರೆ ಕೆಳಗಿನದು ಉಬ್ಬಿ ಎದ್ದು ಬರುತ್ತದೆ. ಇದಕ್ಕೆ ರಿಪೇರಿ ಇಲ್ಲ. ತಗಡಿನವರೆಗೆ ತೆಗೆದು, ಕಾರಿಗೆ ಅಂತಲೇ ಬರುವ ಪ್ರೈಮರ್ (ಬಣ್ಣಕ್ಕೆ ಮೊದಲು ಹಾಕುವ ತಳಪದರ) ಹಾಕಬೇಕು.

ಕೆಳಗೆ ಯಾವ ಬಣ್ಣ ಇದೆ ಅಂತ ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಪರೀಕ್ಷೆ ಮಾಡಿ. ಥಿನ್ನರ್‌ನಲ್ಲಿ ಅದ್ದಿದ ಹತ್ತಿಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿಗೆ ಬಂದರೆ ಅದು ಲ್ಯಾಕರ್. ಸುಕ್ಕಾದರೆ ಎಣ್ಣೆ ಬಣ್ಣ. ಏನೂ ಆಗದಿದ್ದರೆ ಕಂಪನಿಯ ಬೇಯಿಸಿದ ಬಣ್ಣ ಅಥವಾ ಹಾರ್ಡನರ್ ಹಾಕಿದ್ದು, ಅದರ ಮೇಲೆ ಧೈರ್ಯವಾಗಿ ಹೋಗಬಹುದು. ಹೊಸ ಫೆಂಡರ್ ಮೇಲೆ ಇರುವ ಕಪ್ಪು ಬಣ್ಣಕ್ಕೂ ಇದೇ ಪರೀಕ್ಷೆ ಮಾಡಿ. ಒಳ್ಳೆಯ ಬಿಡಿಭಾಗದ ಕಪ್ಪು ಕೋಟ್ ಥಿನ್ನರ್‌ಗೆ ಜಗ್ಗುವುದಿಲ್ಲ. ಅದು ತುಕ್ಕಿಗೆ ಒಳ್ಳೇ ತಡೆ, ಅದನ್ನು ಕಿತ್ತು ತೆಗೆಯಬೇಡಿ, 320 ಅಥವಾ 400 ನಂಬರ್ ಪೇಪರಿನಲ್ಲಿ (ನಂಬರ್ ಜಾಸ್ತಿಯಾದಷ್ಟು ನುಣುಪು) ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಆದರೆ ಬಟ್ಟೆಗೆ ಕಪ್ಪು ಬಳಿದುಕೊಂಡು ಬಂದರೆ ಅದು ಸಾಗಿಸುವಾಗ ತುಕ್ಕಾಗದಿರಲಿ ಅಂತ ಹಚ್ಚಿದ ಅಗ್ಗದ ಬಣ್ಣ. ಅದರ ಮೇಲೆ ಏನು ಹೊಡೆದರೂ ನಿಲ್ಲುವುದಿಲ್ಲ, ಪೂರ್ತಿ ತೆಗೆಯಿರಿ.

ಇಳಿದದ್ದು, ಒರಟಾದದ್ದು

ಬಣ್ಣ ಕಣ್ಣೀರಿನ ಹಾಗೆ ಇಳಿದರೆ ಹತ್ತಿರದಿಂದ ಹೊಡೆದಿರಿ, ಇಲ್ಲ ಕೈ ನಿಧಾನವಾಯಿತು. ಮುಟ್ಟಿದರೆ ಉಪ್ಪು ಕಾಗದದ ಹಾಗೆ ಒರಟಾಗಿದ್ದರೆ ದೂರದಿಂದ ಹೊಡೆದಿರಿ, ಅಥವಾ ಗಾಳಿ ಬೀಸುತ್ತಿತ್ತು. ಡಬ್ಬಿಯಿಂದಾದರೆ 20ರಿಂದ 30 ಸೆಂಟಿಮೀಟರ್, ಸುಮಾರು ಒಂದು ಗೇಣು. ಒತ್ತುವುದು ತಗಡಿನ ಹೊರಗೆ ಶುರುವಾಗಿ, ಬಿಡುವುದೂ ಹೊರಗೇ ಆಗಬೇಕು. ಇಳಿದದ್ದನ್ನು ಹಸಿ ಇರುವಾಗ ಒರೆಸಬೇಡಿ. ಒಂದು ವಾರ ಬಿಟ್ಟು ಮರದ ತುಂಡಿಗೆ 1000ದ ಪೇಪರ್ ಸುತ್ತಿ ಇಳಿದ ಜಾಗವನ್ನಷ್ಟೇ ತಗ್ಗಿಸಿ, ಆಮೇಲೆ 1500, 2000, ಕೊನೆಗೆ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್). ಸಿಲ್ವರ್‌ನಂಥ ಮೆಟಾಲಿಕ್ ಬಣ್ಣದ ಮೇಲೆ ನೇರವಾಗಿ ಪಾಲಿಶ್ ಬೇಡ, ಕ್ಲಿಯರ್ ಇದ್ದರೆ ಮಾತ್ರ. ದೀಪದ ಹುಳ ಬಂದು ಅಂಟಿಕೊಂಡರೂ ಹಸಿಯಲ್ಲಿ ಕೀಳಬೇಡಿ. ಒಣಗಿದ ಮೇಲೆ ಸುಲಭವಾಗಿ ಹೋಗುತ್ತದೆ.

ಮಾರನೇ ದಿನ: ಸೂಜಿ ತೂತು, ಹೊಂದದ ಬಣ್ಣ

ದಪ್ಪಗೆ ಹೊಡೆದು ಬೇಗ ಆರಲಿ ಅಂತ ಸೀದಾ ಬಿಸಿಲಿಗೆ ಇಟ್ಟರೆ ಮೇಲಿನ ಚರ್ಮ ಮೊದಲು ಗಟ್ಟಿಯಾಗುತ್ತದೆ, ಒಳಗಿನ ಥಿನ್ನರ್ ಅದನ್ನು ತೂರಿಕೊಂಡು ಬರುತ್ತದೆ. ಸಣ್ಣ ತೂತುಗಳು ಅದರಿಂದಲೇ. ಕೋಟ್ ಕೋಟಿನ ನಡುವೆ ಒಣ ಹವೆಯಲ್ಲಿ ಹತ್ತು ಹದಿನೈದು ನಿಮಿಷ ಸಾಕಾದರೆ ನಮ್ಮ ತೇವದಲ್ಲಿ ಅರ್ಧ ಗಂಟೆ ಕೊಡಿ.

ಬಣ್ಣ ಹೊಂದದಿದ್ದರೆ ಮೊದಲು ಕಾರಿನ ಕಂಪನಿ ಪ್ಲೇಟಿನಲ್ಲಿರುವ (ನಂಬರ್ ಪ್ಲೇಟ್ ಅಲ್ಲ) ಬಣ್ಣದ ಕೋಡ್ ನೋಡಿ. ಸಿಲ್ವರ್ ಅಂದರೆ ಒಂದೇ ಸಿಲ್ವರ್ ಅಲ್ಲ. ಕೋಡ್ ಸರಿಯಿದ್ದೂ ಹೊಂದದಿದ್ದರೆ ಕಾರಿನ ಹಳೇ ಬಣ್ಣ ಬಿಸಿಲಿಗೆ ಮಾಸಿರುತ್ತದೆ. ಪಕ್ಕದ ಡೋರನ್ನು ಕಾಂಪೌಂಡ್‌ನಲ್ಲಿ ಉಜ್ಜಿ ನೋಡಿ, ಅರ್ಧ ವ್ಯತ್ಯಾಸ ಅಲ್ಲೇ ಹೋಗಬಹುದು. ಮೆಟಾಲಿಕ್ ಬಣ್ಣವನ್ನು ಒದ್ದೆಯಾಗಿ ಹೊಡೆದರೆ ಕಪ್ಪಾಗಿ, ಒಣಒಣವಾಗಿ ಹೊಡೆದರೆ ತಿಳಿಯಾಗಿ ಕಾಣುತ್ತದೆ. ಹಾಗಾಗಿ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಒಂದು ತಗಡಿನ ತುಂಡಿಗೆ ಮೊದಲು ಹೊಡೆದು, ಕ್ಲಿಯರ್ ಕೂಡ ಹಾಕಿ, ಹಗಲು ಬೆಳಕಿನಲ್ಲಿ ಕಾರಿಗೆ ಹಿಡಿದು ನೋಡಿ. ಟ್ಯೂಬ್‌ಲೈಟಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಅಲ್ಲಲ್ಲಿ ಹಳದಿ ಕಲೆ ಮೂಡಿದರೆ ಕೆಳಗಿನ ಪಟ್ಟಿಗೆ ಹಾರ್ಡನರ್ ಜಾಸ್ತಿಯಾಗಿದೆ. ನೂರು ಗ್ರಾಂ ಪಟ್ಟಿಗೆ ಎರಡು ಗ್ರಾಂ ಆಸುಪಾಸು ಸಾಕು.

ಕ್ಲಿಯರ್ ವಿಷಯದಲ್ಲಿ ನಾನು ಖಂಡಿತವಾಗಿ ಹೇಳುವುದು ಒಂದಿದೆ. ಹಾರ್ಡನರ್ ಸೇರಿಸುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಹೊಳಪಿಗೂ ಬಾಳಿಕೆಗೂ ಚೆನ್ನಾಗಿರುತ್ತದೆ, ನಿಜ. ಆದರೆ ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಅದರ ತುಂತುರು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಒಗ್ಗದಂತಾದರೆ ಮತ್ತೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಬಟ್ಟೆ ಮಾಸ್ಕ್ ಅದನ್ನು ತಡೆಯುವುದೇ ಇಲ್ಲ. ಮಕ್ಕಳು, ಹಿರಿಯರು ಇರುವ ಮನೆಯ ಅಂಗಳದಲ್ಲಿ ಅದು ಬೇಡ. ಬೇಕೇ ಬೇಕು ಅಂದರೆ ಬಣ್ಣದವರೆಗೆ ನೀವು ಮಾಡಿ, ಕ್ಲಿಯರ್ ಹೊಡೆಸಲು ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವವರ ಹತ್ತಿರ ಒಯ್ಯಿರಿ. ಆದರೆ ಡಬ್ಬಿಯ ಬಣ್ಣದ ಮೇಲೆ ಅವರ ಕ್ಲಿಯರ್ ನಿಲ್ಲುತ್ತದೋ ಇಲ್ಲವೋ ಅಂತ ಮೊದಲೇ ಕೇಳಿ. ನಾನು ಡಬ್ಬಿಯ ಲ್ಯಾಕರ್‌ಗೇ ನಿಂತೆ. ಅದಕ್ಕೂ ಥಿನ್ನರ್ ಆವಿ ತಡೆಯುವ ಮಾಸ್ಕ್ ಹಾಕಿಕೊಂಡೇ ಹೊಡೆದೆ. ಪೆಟ್ರೋಲ್ ಬಿದ್ದರೆ ಲ್ಯಾಕರ್ ಮೆತ್ತಗಾಗುತ್ತದೆ, ಆದರೆ ಮುಂದಿನ ಫೆಂಡರ್ ಹತ್ತಿರ ಪೆಟ್ರೋಲ್ ಮುಚ್ಚಳ ಇರುವುದಿಲ್ಲವಲ್ಲ.

ಒಂದು ಮಳೆಗಾಲ ಕಳೆದ ಮೇಲೆ ಬೊಬ್ಬೆ

ಎಲ್ಲ ಸರಿಯಾಯಿತು ಅಂದುಕೊಂಡ ಮೇಲೆ ಬರುವುದು ಇದು. ಬೊಬ್ಬೆಗೆ ಸೂಜಿ ಚುಚ್ಚಿ ನೋಡಿ. ನೀರು ಬಂದರೆ ಪಟ್ಟಿ ಅಥವಾ ಪ್ರೈಮರ್ ತೇವ ಕುಡಿದಿತ್ತು. ಏನೂ ಬರದೆ ಟೊಳ್ಳಾಗಿದ್ದರೆ ಥಿನ್ನರೋ ಗಾಳಿಯೋ ಸಿಕ್ಕಿಕೊಂಡಿತ್ತು. ಕೆಂಪು ಪುಡಿ ಬಂದರೆ ತುಕ್ಕು, ಅದು ಹೆಚ್ಚಾಗಿ ಹಿಂದಿನಿಂದ ಬಂದದ್ದು.

ಪಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಅದನ್ನು ನೀರು ಹಾಕಿ ಉಜ್ಜುವ ಅಭ್ಯಾಸ ಬಹಳ ಜನರಿಗಿದೆ, ಧೂಳು ಏಳುವುದಿಲ್ಲ ಅಂತ. ಬಯಲುಸೀಮೆಯ ಬೇಸಿಗೆಯಲ್ಲಿ ಅದು ಆರಬಹುದು, ನಮ್ಮಲ್ಲಿ ಆರುವುದಿಲ್ಲ. ಮೇಲೆ ಆರಿದ ಹಾಗೆ ಕಂಡರೂ ಒಳಗೆ ಇರುತ್ತದೆ. ಪಟ್ಟಿಯನ್ನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒಣದಾಗಿಯೇ ಉಜ್ಜಿ, ಮೊದಲು 80 ಅಥವಾ 120, ಆಮೇಲೆ 220. ವಾಟರ್ ಪೇಪರ್ ಬರಬೇಕಾದ್ದು ಪ್ರೈಮರ್ ಮುಚ್ಚಿದ ಮೇಲೆ, 600 ಅಥವಾ 800ರಲ್ಲಿ. ಪ್ರೈಮರ್ ಕೂಡ ಸ್ವಲ್ಪ ನೀರು ಹೀರುತ್ತದೆ, ಅದಕ್ಕೇ ಉಜ್ಜಿದ ಮೇಲೆ ಒಂದು ಪೂರ್ತಿ ಬಿಸಿಲಿನ ದಿನ ಕೊಡಿ. ಬರೀ ತಗಡು ಕಾಣುವಷ್ಟು ಉಜ್ಜಿದ್ದರೆ ಅದೇ ದಿನ ಪ್ರೈಮರ್ ಮುಚ್ಚಿ. ಮಳೆಗಾಲದಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ಹೊದಿಕೆ ಇರುತ್ತದೆ, ಅದರ ಮೇಲೆ ಬಣ್ಣ ಹೊಡೆದರೆ ಮುಂದಿನ ವರ್ಷ ಮತ್ತೆ ಇದೇ ಕೆಲಸ.

ಪ್ಲಾಸ್ಟಿಕ್ ಬಂಪರ್ ಆದರೆ ಬೊಬ್ಬೆಗಿಂತ ಹೆಚ್ಚಾಗಿ ಸಿಪ್ಪೆ ಏಳುತ್ತದೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೊಸ ಬಂಪರ್ ಮೇಲೆ ಉಳಿದಿರುತ್ತದೆ. ಸೋಪಿನಲ್ಲಿ ಎರಡು ಸಲ ತೊಳೆದು, ಉಜ್ಜಿ, ಪ್ಲಾಸ್ಟಿಕ್‌ಗೆ ಹಿಡಿಯುವ ಪ್ರೈಮರ್ ಮೊದಲು ಹಾಕಲೇಬೇಕು. ಅದಿಲ್ಲದೆ ಹೊಡೆದ ಬಣ್ಣ ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತರೇ ಹಾಳೆಯಾಗಿ ಬರುತ್ತದೆ.

ನನ್ನ ನಾಲ್ಕನೇ ಸಲದ ಬಣ್ಣ ಎರಡು ಮಳೆಗಾಲ ಕಂಡಿದೆ. ಹೊರಮೈ ಚೆನ್ನಾಗಿದೆ. ಕೆಳಗಿನ ಅಂಚಿನಲ್ಲಿ, ಚಕ್ರದ ಹಿಂದೆ, ಎರಡು ಬೊಬ್ಬೆ ಬಂದಿದ್ದವು. ಒಳಗೆ ಕೈ ಹಾಕಿ ನೋಡಿದರೆ ಮಡಿಕೆಯಲ್ಲಿ ಕೆಂಪು ಮಣ್ಣು ತುಂಬಿಕೊಂಡು, ಮಳೆ ನಿಂತು ತಿಂಗಳಾದರೂ ಒದ್ದೆಯಾಗಿಯೇ ಇತ್ತು. ಒಳಮೈಗೆ ನಾನು ಬಣ್ಣವನ್ನೇ ಹೊಡೆದಿರಲಿಲ್ಲ. ಈಗ ಮಣ್ಣು ಕೆರೆದು, ತುಕ್ಕು ಉಜ್ಜಿ ತೆಗೆದು, ಎಪಾಕ್ಸಿ ಪ್ರೈಮರ್ ಬ್ರಷ್‌ನಲ್ಲಿ ಹಚ್ಚಿ, ಮೇಲೆ ಕಾರಿನ ಅಡಿಗೆ ಬಳಿಯುವ ಕಪ್ಪು ಕೋಟಿಂಗ್ ಹಾಕಿದ್ದೇನೆ. ನೀರು ಇಳಿಯುವ ತೂತು ಮುಚ್ಚಿಹೋಗದ ಹಾಗೆ ಅಲ್ಲೊಂದು ಕಡ್ಡಿ ಸಿಕ್ಕಿಸಿ ಬಳಿದೆ. ನೀವು ಫೆಂಡರ್ ಕೂರಿಸುವ ಮೊದಲೇ ಇದನ್ನು ಮಾಡಿಬಿಡಿ. ಕೂರಿಸಿದ ಮೇಲೆ ಆ ಮಡಿಕೆಗೆ ಬ್ರಷ್ ಸರಿಯಾಗಿ ಹೋಗುವುದಿಲ್ಲ.